ಲಬೂಬು ಸುಟ್ಟ ವಿಡಿಯೊ ನೋಡಿ ಮನೆಯಲ್ಲಿ ರಂಪ: ಗೊಂಬೆ ಇಟ್ಟುಕೊಳ್ಳೋದಾ, ಬಿಸಾಡೋದಾ?

ಘಾಟ್ಕೋಪರ್_ಗೀತಕ್ಕ
ಎಲ್ಲರಿಗೂ ನಮಸ್ಕಾರ. ಎಂಟನೇ ಕ್ಲಾಸಿನ ಮಗಳ ಸ್ಕೂಲ್ ಬ್ಯಾಗಿಗೆ ಲಬೂಬು ಅನ್ನೋ ಹಲ್ಲು ಕಿಸಿದ ರೋಮದ ಗೊಂಬೆ ನೇತಾಡ್ತಿದೆ. ಸ್ಟೇಷನ್ ಹೊರಗಿನ ಗಾಡಿಯಲ್ಲಿ ತಗೊಂಡದ್ದು. ಹಿಂದಿ ಟಿವಿಯ ಹಾಸ್ಯ ತಾರೆಯೊಬ್ಬರು, ಈ ಗೊಂಬೆ ಬಂದ ಮೇಲೆ ಮಗ ಹಠಮಾರಿ ಆಗಿದ್ದಾನೆ ಅಂತ ಅದನ್ನ ಸುಟ್ಟ ವಿಡಿಯೊ ಬಿಲ್ಡಿಂಗ್ ಗ್ರೂಪಿನಲ್ಲಿ ಮತ್ತೆ ಓಡಾಡ್ತಿದೆ. ಅತ್ತೆಯವರು ಇವತ್ತೇ ಆಚೆ ಹಾಕಿ ಅಂತಿದ್ದಾರೆ. ಮಗಳು ಆ ತಾರೆಯ ಪೇಜಿಗೆ ಹೋಗಿ ಸಿಟ್ಟಲ್ಲಿ ಕಮೆಂಟ್ ಬರೆದು ಬಂದಿದ್ದಾಳೆ.

ಈ ಗೊಂಬೆಯಲ್ಲಿ ದೆವ್ವ ಇದೆ ಅನ್ನೋ ಕಥೆಗೆ ತಲೆಬುಡ ಏನಾದ್ರೂ ಇದೆಯಾ? ನಮ್ಮದು ಅಸಲಿಯೋ ನಕಲಿಯೋ ಹೇಗೆ ತಿಳಿಯೋದು? ಕಪಾಟಿನಲ್ಲಿರೋ ಉಳಿದ ಟೆಡ್ಡಿಗಳೆಲ್ಲ ಮಳೆಗಾಲದ ಮುಗ್ಗಲು ವಾಸನೆ ಹೊಡೀತಿವೆ, ಅದಕ್ಕೂ ಯಾರಾದ್ರೂ ದಾರಿ ಹೇಳಿ.

ಮುಲುಂಡ್_ಮಾರಾಯ
ಸುಡುವುದೊಂದು ಮಾತ್ರ ಬೇಡ ಮಾರಾಯ್ರೆ. ದೆವ್ವದ ವಿಷಯ ಆಮೇಲೆ.

ಮುಖ, ಕೈ, ಕಾಲು ಎಲ್ಲ ಪಿವಿಸಿ, ಅಂದರೆ ವಿನೈಲ್ ಪ್ಲಾಸ್ಟಿಕ್. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರ್ತದೆ, ಕಣ್ಣು ಗಂಟಲು ಉರಿ, ಅಸ್ತಮಾ ಇದ್ದವರಿಗೆ ಸೀದಾ ಆಸ್ಪತ್ರೆ. ಕಡಿಮೆ ಉರಿಯಲ್ಲಿ ಅರೆಬರೆ ಸುಟ್ಟರೆ ಡಯಾಕ್ಸಿನ್ ಎನ್ನುವ ವಿಷ ಕೂಡ. ರೋಮ, ಒಳಗಿನ ತುಂಬು ಎಲ್ಲ ಸಿಂಥೆಟಿಕ್, ಅದು ಬೂದಿ ಆಗುವುದಿಲ್ಲ, ಕರಗಿ ತೊಟ್ಟಿಕ್ಕುತ್ತದೆ. ಆ ತೊಟ್ಟು ಚರ್ಮಕ್ಕೆ ಬಿದ್ದರೆ ಅಂಟಿಕೊಂಡೇ ಸುಡ್ತದೆ. ಬಾಲ್ಕನಿಯಲ್ಲಿ, ಟೆರೇಸಿನಲ್ಲಿ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ವಿಡಿಯೊ ಮಾಡುವವರು ಇದನ್ನು ಯೋಚಿಸುವುದೇ ಇಲ್ಲ. ಬೇಡದಿದ್ದರೆ ಒಣ ಕಸಕ್ಕೆ ಹಾಕಿ, ಮುಗೀತು.

ಕೋಥ್ರೂಡ್_ಕಾವೇರಿ
ದೆವ್ವದ ಕಥೆ ಹುಟ್ಟಿದ್ದು ಹೀಗೆ: ಲಬೂಬುವಿನ ಹಲ್ಲು, ಅಗಲ ನಗು ನೋಡಿ ಯಾರೋ ಅದನ್ನು ಪಜೂಜು ಅನ್ನೋ ಪ್ರಾಚೀನ ಮೆಸೊಪೊಟೇಮಿಯದ ಪಿಶಾಚಿ ಜೊತೆ ಹೋಲಿಸಿದರು. ಎರಡಕ್ಕೂ ಕೊನೆಯಲ್ಲಿ 'ಉ' ಇದೆ ಅನ್ನೋದು ಬಿಟ್ಟರೆ ಬೇರೆ ಸಂಬಂಧ ಇಲ್ಲ.

ಲಬೂಬು ಮಾಡಿದವರು ಕಸಿಂಗ್ ಲಂಗ್. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ನೆದರ್‌ಲ್ಯಾಂಡ್ಸ್‌ಗೆ ಹೋದವರು. ಅಲ್ಲಿ ಕೇಳಿ ಓದಿದ ಉತ್ತರ ಯುರೋಪಿನ ಜನಪದ ಕಥೆಗಳ ಕುಳ್ಳ ಯಕ್ಷರೇ ಇದಕ್ಕೆ ಮೂಲ. 2015ರಲ್ಲಿ ಅವರು ಮಾಡಿದ 'ದಿ ಮಾನ್‌ಸ್ಟರ್ಸ್' ಅನ್ನೋ ಚಿತ್ರಕಥೆಯ ಪಾತ್ರ ಇದು. 2019ರಲ್ಲಿ ಚೀನಾದ ಪಾಪ್ ಮಾರ್ಟ್ ಕಂಪನಿ ಗೊಂಬೆ ಮಾಡೋ ಹಕ್ಕು ಪಡೆಯಿತು. ಬ್ಯಾಗಿಗೆ ಸಿಕ್ಕಿಸೋ ರೋಮದ ಲಬೂಬು ಬಂದದ್ದು 2023ರಲ್ಲಿ. 2024ರ ಏಪ್ರಿಲ್‌ನಲ್ಲಿ ಕೊರಿಯಾದ ಬ್ಲ್ಯಾಕ್‌ಪಿಂಕ್ ಅನ್ನೋ ಹಾಡುಗಾರ್ತಿಯರ ತಂಡದ ಲೀಸಾ ಇನ್‌ಸ್ಟಾಗ್ರಾಮ್‌ನಲ್ಲಿ ತೋರಿಸಿದ ಮೇಲೆ ಪ್ರಪಂಚವೆಲ್ಲ ಹುಚ್ಚೆದ್ದಿತು.

ಏರಿಸಿದ್ದೂ ತಾರೆ, ಇಳಿಸಲು ಹೊರಟದ್ದೂ ತಾರೆ. ಗೊಂಬೆ ಮಾತ್ರ ಅದೇ.

ವಾಸ್ಕೊ_ಬಸು
ಕಾವೇರಿಯಕ್ಕಾರ, ಪಜೂಜು ಬಗ್ಗೆ ಒಂದ್ ಮಾತು ಕೂಡಸ್ತೀನಿ. ಆ ಕಾಲದ ಮಂದಿ ಅವನ ಮಾರಿ ಕೆತ್ತಿದ ತಾಯತಾನ ಬಸುರಿ ಹೆಣ್ಮಕ್ಕಳಿಗೆ ಕಟ್ಟತಿದ್ರು. ಲಮಷ್ತು ಅಂತ ಇನ್ನೊಬ್ಬಾಕಿ ಇದ್ಲು, ಕೂಸುಗಳನ್ನ ಒಯ್ಯಾಕಿ ಅಂತ ನಂಬಿಕಿ. ಆಕೀನ್ನ ಓಡ್ಸಾಕ ಪಜೂಜು ಬೇಕಾಗ್ತಿದ್ದ. ಅಂದ್ರ ಆ ಹೋಲಿಕಿ ಖರೇ ಅಂತ ಹಿಡದ್ರೂ ಅಂವ ಕೂಸು ಕಾಯಾಂವ ಆದ.

ನಮ್ಮೂರಾಗ ಮನಿ ಕಟ್ಟುವಾಗ ಹಲ್ಲು ಕಿಸದ, ಕಣ್ಣು ಬಿಟ್ಟ ದೃಷ್ಟಿಗೊಂಬಿ ಕಟ್ಟಾಂಗಿಲ್ಲೇನ್ರಿ? ಅತ್ತೆಯವರಿಗೆ ಇದನ್ನ ಹೇಳಿ ನೋಡ್ರಿ. ವಿಜ್ಞಾನಕ್ಕಿಂತ ಇದು ಲಗೂ ತಿಳೀತದ.

ಡೊಂಬಿವಲಿ_ಫಾಸ್ಟ್
ದೃಷ್ಟಿಗೊಂಬೆ 👌 ಅತ್ತೆಯವರ ಕೇಸ್ ಇಲ್ಲೇ ಮುಗೀತು.

ಪಂಚಗಂಗಾ
ಇಷ್ಟು ಸಲೀಸಾಗಿ ಮುಗಿಸಬೇಡಿ. ಸಣ್ಣ ಮಗುವಿನ ತಾಯಿ ಭಯದಿಂದ ಒಂದು ವಸ್ತು ಮನೆಯಲ್ಲಿ ಬೇಡ ಅಂದರೆ ಅದು ಅವರ ಇಷ್ಟ. ನಂಬಿಕೆಯನ್ನು ಹೀಯಾಳಿಸೋದು ಸರಿಯಲ್ಲ. ಆ ತಾರೆಯ ಕಮೆಂಟ್ ಬಾಕ್ಸಿನಲ್ಲಿ ಅವರ ಮಗುವನ್ನೂ ಬಿಡದೆ ಬೈದಿದ್ದಾರೆ. ಗೊಂಬೆ ಸುಡೋದಕ್ಕಿಂತ ಅದು ಹೊಲಸು.

ಕೋಥ್ರೂಡ್_ಕಾವೇರಿ
ಪಂಚಗಂಗಾ, ಮಗುವನ್ನು ಎಳೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಮನೆಯೊಳಗೆ ಸುಮ್ಮನೆ ಎತ್ತಿ ಬಿಸಾಡಲಿಲ್ಲ. ಲಕ್ಷಗಟ್ಟಲೆ ಜನ ನೋಡೋ ವ್ಲಾಗ್‌ನಲ್ಲಿ ಕಾರಣ ಸಮೇತ ಸುಟ್ಟರು. ಹಾಗೆ ಹೇಳಿದ ಮಾತನ್ನು ನಾಲ್ಕು ಜನ ಪ್ರಶ್ನೆ ಮಾಡಿದರೆ ಹೀಯಾಳಿಸಿದ ಹಾಗಲ್ಲ.

ಕರಡಿಮರಿ_ಠಾಣೆ
ಗೊಂಬೆ ಮೇಲಿನ ರಂಪ ಹೊಸದೇನಲ್ಲ. ಟೆಡ್ಡಿ ಕರಡಿ ಹುಟ್ಟಿದ್ದೇ ಒಬ್ಬ ಪ್ರಸಿದ್ಧರ ಸುದ್ದಿಯಿಂದ. 1902ರ ನವೆಂಬರ್, ಅಮೆರಿಕದ ಅಧ್ಯಕ್ಷ ಥಿಯೋಡರ್ 'ಟೆಡ್ಡಿ' ರೂಸ್ವೆಲ್ಟ್ ಮಿಸಿಸಿಪ್ಪಿಗೆ ಬೇಟೆಗೆ ಹೋದಾಗ ಮರಕ್ಕೆ ಕಟ್ಟಿದ ಕರಡಿಗೆ ಗುಂಡು ಹಾರಿಸಲ್ಲ ಅಂದರು. ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬೆರಿಮನ್ ಅದರ ವ್ಯಂಗ್ಯಚಿತ್ರ ಬರೆದರು. ಅದನ್ನು ನೋಡಿ ಬ್ರೂಕ್ಲಿನ್‌ನ ಮಿಚ್‌ಟಮ್ ದಂಪತಿ ಬಟ್ಟೆ ಕರಡಿ ಹೊಲಿದು ಅಂಗಡಿ ಕಿಟಕಿಯಲ್ಲಿ ಇಟ್ಟರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜರ್ಮನಿಯ ಸ್ಟೈಫ್ ಕಂಪನಿಯೂ ಕೈಕಾಲು ತಿರುಗೋ ಕರಡಿ ಮಾಡಿತು.

1907ರಲ್ಲಿ ಮಿಶಿಗನ್‌ನ ಪಾದ್ರಿಯೊಬ್ಬರು ಹುಡುಗಿಯರು ಕರಡಿ ಜೊತೆ ಆಡಿದರೆ ತಾಯ್ತನದ ಗುಣವೇ ಹೋಗುತ್ತೆ ಅಂತ ಚರ್ಚಿನಲ್ಲಿ ಭಾಷಣ ಮಾಡಿದ್ದರು. ಪತ್ರಿಕೆಗಳಲ್ಲಿ ವಾದ ವಿವಾದ ಜೋರಾಗಿ ನಡೆಯಿತು. ಕರಡಿ ಇನ್ನೂ ಇದೆ.

ಡೊಂಬಿವಲಿ_ಫಾಸ್ಟ್
ರೂಸ್ವೆಲ್ಟ್ ಕರಡಿಯನ್ನ ಬಿಟ್ಟುಬಿಟ್ರು, ಅದು ಓಡಿಹೋಯ್ತು ಅಲ್ವಾ? ಮಕ್ಕಳ ಪುಸ್ತಕದಲ್ಲೆಲ್ಲ ಹಾಗೇ ಇದೆ.

ಕರಡಿಮರಿ_ಠಾಣೆ
ಇಲ್ಲ. ನಾಯಿಗಳು ಕಚ್ಚಿ, ತಲೆಗೆ ಏಟು ಬಿದ್ದು ಅದು ಆಗಲೇ ಅರೆಜೀವ ಆಗಿತ್ತು. ನರಳೋದು ಬೇಡ, ಮುಗಿಸಿಬಿಡಿ ಅಂತ ರೂಸ್ವೆಲ್ಟ್ ಹೇಳಿದರು, ಚಾಕುವಿನಿಂದ ಕೊಂದರು. ವ್ಯಂಗ್ಯಚಿತ್ರದಲ್ಲಿ ಆ ಭಾಗ ಬರಲಿಲ್ಲ. ಈಗಿನ ಹದಿನೈದು ಸೆಕೆಂಡಿನ ಕ್ಲಿಪ್‌ಗಳಲ್ಲೂ ಹೀಗೇ ಮುಖ್ಯವಾದದ್ದೇ ಹೊರಗೆ ಉಳಿಯುತ್ತೆ.

ಸೂಜಿದಾರ
ಗೀತಕ್ಕ, ಮುಗ್ಗಲು ವಾಸನೆ ವಿಷಯಕ್ಕೆ ಬರೋಣ. ಉಳಿದವರು ಅಧ್ಯಕ್ಷರ ಬಗ್ಗೆ ಮಾತಾಡ್ತಾ ಇರಲಿ.

ಮೊದಲು ಒಳಗೆ ಏನು ತುಂಬಿದೆ ನೋಡಿ. ಹಿಂಡಿದರೆ ಮೆತ್ತಗೆ ಒಳಗೆ ಹೋಗಿ ತಟ್ಟನೆ ಮೇಲೆ ಬಂದರೆ ಪಾಲಿಯೆಸ್ಟರ್ ಫೈಬರ್, ನಮ್ಮ ಮುಂಬೈಯಲ್ಲಿ ಎಲ್ಲ ರೆಕ್ರಾನ್ ಅಂತಾರಲ್ಲ ಅದು. ಇದನ್ನು ಧೈರ್ಯವಾಗಿ ತೊಳೀಬಹುದು. ಗಂಟುಗಂಟಾಗಿ ಸಿಕ್ಕರೆ ಸ್ಪಂಜ್ ಚೂರು. ಅದು ನೀರು ಕುಡಿದರೆ ಜುಲೈಯಲ್ಲಿ ವಾರವಾದರೂ ಒಣಗಲ್ಲ, ಒಳಗೇ ಕೊಳೆಯುತ್ತೆ. ಚರಚರ ಅಂದರೆ ಥರ್ಮೊಕೋಲ್ ಮಣಿ. ಗಟ್ಟಿಯಾಗಿ ಭಾರ ಇದ್ದರೆ ಹತ್ತಿ, ಹಳೇ ಗೊಂಬೆಗಳಲ್ಲಿ ಇರುತ್ತೆ, ಅದನ್ನು ಮುಳುಗಿಸಬೇಡಿ.

ರೆಕ್ರಾನ್ ಇದ್ದರೆ ಹೀಗೆ ಮಾಡಿ. ಹೊಲಿಗೆ ಬಿಚ್ಚಿದೆಯಾ, ಕಣ್ಣು ಅಲ್ಲಾಡುತ್ತಾ ಅಂತ ಎಳೆದು ನೋಡಿ, ಇದ್ದರೆ ತೊಳೆಯೋ ಮುಂಚೆಯೇ ಹೊಲಿಯಿರಿ. ಹಾಡೋ ಗೊಂಬೆ ಆದರೆ ಬೆನ್ನಿನ ಹೊಲಿಗೆ ಬಿಚ್ಚಿ ಪೆಟ್ಟಿಗೆ ತೆಗೀರಿ. ಅದರಲ್ಲಿರೋ ಬಟನ್ ಸೆಲ್ ಸಣ್ಣ ಮಕ್ಕಳ ಕೈಗೆ ಸಿಗಲೇಬಾರದು, ನುಂಗಿದರೆ ಅನ್ನನಾಳ ಸುಡುತ್ತೆ. ಆಮೇಲೆ ಗೊಂಬೆಯನ್ನು ದಿಂಬಿನ ಕವರಿಗೆ ಹಾಕಿ ಬಾಯಿ ಕಟ್ಟಿ. ಫ್ರಂಟ್ ಲೋಡ್ ಮೆಷಿನ್ ಆದರೆ 30 ಡಿಗ್ರಿ, ಡೆಲಿಕೇಟ್, ಸ್ಪಿನ್ 600 ದಾಟಬಾರದು. ಲಿಕ್ವಿಡ್ ಸೋಪು ಒಂದು ಚಮಚ ಸಾಕು. ಪುಡಿ ಹಾಕಿದರೆ ರೋಮದ ಬುಡದಲ್ಲಿ ಉಳಿದು ಅಂಟುತ್ತೆ. ಕಂಫರ್ಟ್ ಥರದ ಕಂಡೀಷನರ್ ಬೇಡವೇ ಬೇಡ, ರೋಮ ಜಿಡ್ಡಾಗಿ ಧೂಳು ಹಿಡಿಯುತ್ತೆ. ಟಾಪ್ ಲೋಡ್‌ನಲ್ಲಿ ಗೊಂಬೆ ತೇಲುತ್ತೆ, ಕೈಕಾಲು ತಿರುಚಿಕೊಳ್ಳುತ್ತೆ. ಅದಕ್ಕಿಂತ ಬಕೆಟ್ಟಲ್ಲಿ ಕೈಯಲ್ಲೇ ಒತ್ತಿ ತೊಳೆಯೋದು ವಾಸಿ.

ಹಿಂಡಬೇಡಿ. ಒಣ ಟವೆಲ್ಲಿನಲ್ಲಿ ಸುತ್ತಿ ಮಂಡಿಯಿಂದ ಒತ್ತಿ. ಕಿವಿ ಹಿಡಿದು ಕ್ಲಿಪ್ ಹಾಕಿ ನೇತುಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಜಗ್ಗುತ್ತೆ, ಜಾಲರಿ ಮೇಲೆ ಮಲಗಿಸಿ, ಫ್ಯಾನ್ ಕೆಳಗೆ ಆಗಾಗ ಮಗ್ಗುಲು ಬದಲಿಸಿ. ಮೇಲೆ ಒಣಗಿದ್ದನ್ನು ನೋಡಿ ಕಪಾಟಿಗೆ ಇಡೋದೇ ಎಲ್ಲರೂ ಮಾಡೋ ತಪ್ಪು. ಹೊಟ್ಟೆ ಗಟ್ಟಿಯಾಗಿ ಒತ್ತಿ ಹಿಡಿದು ಕೆನ್ನೆಗೆ ಇಟ್ಟು ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ತೇವ ಇದೆ. ರೋಮ ಒಣಗುವ ಮುಂಚೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಒಣಗಿದ ಮೇಲೆ ಗಂಟು ಬಿಡಲ್ಲ.

ಮುಲುಂಡ್_ಮಾರಾಯ
ಡ್ರೈಯರ್ ಹಾಕಬಹುದಾ ಅಂತ ಯಾರಾದರೂ ಕೇಳುವ ಮೊದಲೇ ಹೇಳ್ತೇನೆ: ಬೇಡ. ಸಿಂಥೆಟಿಕ್ ರೋಮದ ತುದಿ ಬಿಸಿಗೆ ಸುರುಟಿ ಸ್ಟೀಲ್ ಉಜ್ಜುವ ನಾರಿನ ಹಾಗೆ ಒರಟಾಗ್ತದೆ. ಒಮ್ಮೆ ಹಾಗಾದರೆ ಮತ್ತೆ ಸರಿಯಾಗುವುದಿಲ್ಲ. ತಲೆಗೂದಲಿನ ಡ್ರೈಯರ್ ಕೂಡ ತಣ್ಣನೆಯ ಗಾಳಿಯಲ್ಲಿ ಮಾತ್ರ.

ಮಡಗಾಂವ್_ಮಳೆ
ಗೋವಾದಾಗ ಜೂನ್‌ದಿಂದ ಸೆಪ್ಟೆಂಬರ್‌ತನಕ ಬೂರ್ಸು (ಬೂಷ್ಟು) ಇಲ್ಲದ ಸಾಮಾನೇ ಇಲ್ರಿ. ಬಿಳಿ ಚುಕ್ಕಿ ಕಂಡ್ರ ಮನಿ ಒಳಗ ಝಾಡಸಬ್ಯಾಡ್ರಿ, ಬೀಜಕಣ ಎಲ್ಲಾ ಹಾರಿ ಬ್ಯಾರೇ ಗೊಂಬಿ ಮ್ಯಾಲ ಕೂಡ್ತಾವು. ಹೊರಗ ಒಯ್ದು ಮೆತ್ತನ ಬ್ರಷ್‌ಲೇ ತಗೀರಿ. ಬಿಳಿ ವಿನಿಗರ್ ಒಂದ್ ಪಾಲು, ನೀರು ಒಂದ್ ಪಾಲು ಕೂಡಿಸಿ ಅರಿವಿಗೆ ಹಚ್ಚಿ ಒರಸ್ರಿ, ಅರ್ಧಾ ತಾಸು ಬಿಡ್ರಿ, ಆಮ್ಯಾಲ ತೊಳೀರಿ. ಬ್ಲೀಚ್ ಹಾಕಿದ್ರ ಬಣ್ಣ ಹೋಗ್ತದ.

ಇಡೂದು ಹವಾ ಹೋಗದ ಡಬ್ಬಿ ಒಳಗ, ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನೀಲಿ ಬಣ್ಣದ ಜೆಲ್ ಬ್ಯಾಡ, ಅದ್ರಾಗ ಕೋಬಾಲ್ಟ್ ಕ್ಲೋರೈಡ್ ಇರ್ತದ, ವಿಷ. ಕಿತ್ತಳಿ ಬಣ್ಣದ್ದು ಸಿಗ್ತದ, ತೇವಾ ಕುಡದ ಮ್ಯಾಲ ಹಸರ ಆಗ್ತದ. ಅದನ್ನ ಓವನ್‌ದಾಗ 110–120 ಡಿಗ್ರಿಗೆ ಒಂದೆರಡು ತಾಸು ಇಟ್ರ ಮತ್ತ ಹೊಸಾದು. ಪೂರ್ತಿ ಒಣಗದ ಗೊಂಬಿ ಡಬ್ಬ್ಯಾಗ ಹಾಕಿದ್ರ ಮಾತ್ರ ಯಾವ ಜೆಲ್ಲೂ ಕಾಯೂದಿಲ್ಲ.

ಡೊಂಬಿವಲಿ_ಫಾಸ್ಟ್
ಇಷ್ಟೆಲ್ಲ ಯಾಕೆ, ನಾಲ್ಕು ನುಸಿ ಗುಳಿಗೆ ಎಸೆದರೆ ಆಯ್ತಲ್ಲ?

ಸೂಜಿದಾರ
ನುಸಿ ಗುಳಿಗೆ ಗೊಂಬೆಗೆ ಬೇಡ. ಅದು ನ್ಯಾಫ್ತಲೀನ್. ಥರ್ಮೊಕೋಲ್ ಮಣಿ ತುಂಬಿದ್ದರೆ ಅದರ ಆವಿಗೇ ಮಣಿ ಮೆತ್ತಗಾಗಿ ಅಂಟಿಕೊಳ್ಳುತ್ತೆ. ಅದಕ್ಕಿಂತ ಮುಖ್ಯ, ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರೋ ಕೂಸುಗಳಿಗೆ ನ್ಯಾಫ್ತಲೀನ್‌ನಿಂದ ರಕ್ತದ ಕೆಂಪುಕಣ ಒಡೆದು ಕಾಮಾಲೆ ಬರುತ್ತೆ. ಅದರಲ್ಲಿಟ್ಟ ಬಟ್ಟೆ, ಗೊಂಬೆ ಮಗುವಿನ ಮೈಗೆ ತಾಗೋದೂ ಅಪಾಯ. ಮತ್ತೆ ಬೂಷ್ಟಿಗೂ ನುಸಿ ಗುಳಿಗೆಗೂ ಸಂಬಂಧವೇ ಇಲ್ಲ, ಅದು ಬಟ್ಟೆ ತಿನ್ನೋ ಹುಳಕ್ಕೆ ಇರೋದು. ಪಾಲಿಯೆಸ್ಟರ್ ತಿನ್ನೋಕೆ ಹುಳ ಬರಲ್ಲ.

ಪಂಚಗಂಗಾ
ಸೀನು, ಅಸ್ತಮಾ ಇರೋ ಮಕ್ಕಳ ಮನೆಯಲ್ಲಿ ಧೂಳಿನ ಹುಳಕ್ಕೆ ಏನು ಮಾಡೋದು? 60 ಡಿಗ್ರಿ ಬಿಸಿನೀರು ಅಂತಾರೆ, ಆದರೆ ರೋಮ ಹಾಳಾಗುತ್ತಲ್ಲ.

ಕರಡಿಮರಿ_ಠಾಣೆ
ಫ್ರೀಜರ್. ಜಿಪ್ ಕವರಿನಲ್ಲಿ ಹಾಕಿ ಗಾಳಿ ತೆಗೆದು ಮೈನಸ್ 18ರಲ್ಲಿ ಎರಡು ದಿನ. ಹುಳ ಸಾಯುತ್ತೆ. ಆದರೆ ಅಲರ್ಜಿ ತರೋದು ಹುಳದ ಹಿಕ್ಕೆ, ಅದು ಅಲ್ಲೇ ಇರುತ್ತೆ, ಹಾಗಾಗಿ ಆಮೇಲೆ 30 ಡಿಗ್ರಿಯಲ್ಲಿ ತೊಳೀಲೇಬೇಕು. ಸಿಂಗಲ್ ಡೋರ್ ಫ್ರಿಜ್ಜಿನ ಮೇಲಿನ ಪೆಟ್ಟಿಗೆ ಎಷ್ಟೋ ಸಲ ಮೈನಸ್ 18 ಮುಟ್ಟಲ್ಲ, ಅದರ ಮೇಲೆ ನಂಬಿಕೆ ಬೇಡ.

ಇನ್ನೊಂದು, ಒಂದು ವರ್ಷದೊಳಗಿನ ಕೂಸಿನ ತೊಟ್ಟಿಲಲ್ಲಿ ಯಾವ ಮೆತ್ತನೆ ಗೊಂಬೆಯೂ ಇರಬಾರದು, ಎಷ್ಟೇ ಶುಭ್ರವಾಗಿರಲಿ. ಮೂಗು ಮುಚ್ಚಿದರೆ ಕೂಸಿಗೆ ತಳ್ಳಲು ಬರಲ್ಲ.

ಘಾಟ್ಕೋಪರ್_ಗೀತಕ್ಕ
ಸೂಜಿದಾರ ಅವರೇ, ಮಳೆ ಅವರೇ, ತುಂಬ ಉಪಕಾರ. ಈ ಲಬೂಬು ಕೂಡ ದಿಂಬಿನ ಕವರಿಗೆ ಹಾಕಿ ತೊಳೀಲಾ? ಮುಖದ ಮೇಲೆ ಬ್ಯಾಗಿನ ನೀಲಿ ಬಣ್ಣ ಹತ್ತಿದೆ.

ಸೂಜಿದಾರ
ಬೇಡ, ಲಬೂಬು ಮೆಷಿನ್‌ಗೆ ಬೇಡ. ಮುಖಕ್ಕೂ ರೋಮಕ್ಕೂ ಸೇರೋ ಕಡೆ ನೀರು ನುಗ್ಗಿದರೆ ತಲೆಯೊಳಗೆ ನಿಲ್ಲುತ್ತೆ. ರೋಮಕ್ಕೆ ಸೋಪಿನ ನೊರೆ ಮಾತ್ರ ಹಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಖಕ್ಕೆ ಒದ್ದೆ ಬಟ್ಟೆ ಸಾಕು. ನೇಲ್ ಪಾಲಿಶ್ ತೆಗೆಯೋ ಅಸಿಟೋನ್, ಥಿನ್ನರ್ ಹತ್ತಿರಕ್ಕೂ ತರಬೇಡಿ, ಬಣ್ಣವೂ ಹೋಗುತ್ತೆ, ವಿನೈಲ್ ಕೂಡ ಕರಗುತ್ತೆ.

ನೀಲಿ ಕಲೆ ಬಟ್ಟೆಯ ಬಣ್ಣ ವಿನೈಲ್ ಒಳಗೆ ಇಳಿದಿರೋದು, ಉಜ್ಜಿದರೆ ಹೋಗಲ್ಲ. ಗೊಂಬೆ ಸಂಗ್ರಹಿಸೋರು ಮೊಡವೆಗೆ ಹಚ್ಚೋ ಬೆಂಜಾಯಿಲ್ ಪೆರಾಕ್ಸೈಡ್ ಕ್ರೀಮ್ ಬಳಸ್ತಾರೆ. ಕಲೆಯ ಮೇಲೆ ಮಾತ್ರ ತೆಳುವಾಗಿ ಹಚ್ಚಿ, ಒಣಗದ ಹಾಗೆ ಅಡುಗೆ ಮನೆಯ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಿಸಿಲಲ್ಲಿ ಕೆಲವು ಗಂಟೆ ಇಟ್ಟು ಒರೆಸಿ ನೋಡಿ. ಬೇಕಾದರೆ ಮತ್ತೆ ಹಚ್ಚಿ. ಜಾಸ್ತಿ ಹೊತ್ತು ಬಿಟ್ಟರೆ ಅಲ್ಲಿನ ವಿನೈಲೇ ಬಿಳಿಚುತ್ತೆ. ಕೆನ್ನೆಯ ಗುಲಾಬಿ ಬಣ್ಣಕ್ಕೆ, ಕಣ್ಣಿಗೆ, ರೋಮಕ್ಕೆ ತಾಗಬಾರದು. ಮೊದಲು ಕಾಲಿನ ಅಡಿಯಲ್ಲಿ ಹಚ್ಚಿ ಪರೀಕ್ಷಿಸಿ.

ಕಲ್ಯಾಣ್_ಕಲೆಕ್ಟರ್
ಅಸಲಿ ನಕಲಿ ಬಗ್ಗೆ ಯಾರೂ ಹೇಳಲಿಲ್ಲ. ಹಲ್ಲು ಎಣಿಸಿ. ಅಸಲಿ ಲಬೂಬುಗೆ 9 ಹಲ್ಲು. ನಕಲಿಗಳಲ್ಲಿ ಎಂಟೋ ಹತ್ತೋ ಇರುತ್ತವೆ, ಆದರೆ ಈಗ 9 ಹಲ್ಲಿನ ನಕಲಿಯೂ ಬಂದಿರೋದರಿಂದ ಅಷ್ಟೇ ನೋಡಿ ತೀರ್ಮಾನ ಮಾಡಬೇಡಿ. ಪಾದದ ಅಡಿ ಪಾಪ್ ಮಾರ್ಟ್ ಅಚ್ಚು ಸ್ಪಷ್ಟವಾಗಿ ಇರಬೇಕು. ಹೊಸ ಸರಣಿಗಳಲ್ಲಿ ಒಂದು ಪಾದದ ಮೇಲೆ ಯುವಿ ಬೆಳಕಿಗೆ ಮಾತ್ರ ಕಾಣೋ ಲಬೂಬು ಗುರುತು ಇದೆ, ಅಂಗಡಿಯಲ್ಲಿ ನೋಟು ನೋಡೋ ಲೈಟ್ ಸಾಕು. ಡಬ್ಬಿಯ ಬಣ್ಣ ಮಂಕಾಗಿ ಮ್ಯಾಟ್ ಇರುತ್ತೆ, ಮಿರಮಿರ ಹೊಳೆಯಲ್ಲ. ಸ್ಟಿಕರಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ 'ಅಸಲಿ' ಅಂತ ಬಂದರೆ ಖುಷಿಪಡೋದಲ್ಲ, ಮೇಲೆ ಯಾವ ವೆಬ್‌ಸೈಟ್ ವಿಳಾಸ ತೆರೆದಿದೆ ನೋಡಿ. ನಕಲಿಯವರು ತಮ್ಮದೇ ಪುಟ ಮಾಡಿ ಅಲ್ಲೂ 'ಅಸಲಿ' ಅಂತ ಬರೆದಿರ್ತಾರೆ.

ಸ್ಟೇಷನ್ ಹೊರಗೆ ಗೊಂಚಲು ಕಟ್ಟಿ ನೇತುಹಾಕಿರೋದು ಎಲ್ಲ ನಕಲಿ. ಅಸಲಿ ಬರೋದು ಮುಚ್ಚಿದ ಡಬ್ಬಿಯಲ್ಲಿ, ಯಾವ ಬಣ್ಣ ಅಂತ ತೆರೆದ ಮೇಲೇ ಗೊತ್ತಾಗೋದು. ಅಪರೂಪದ 'ಸೀಕ್ರೆಟ್' ಸಿಗೋ ಸಂಭವ 72ಕ್ಕೆ 1. ಅದಕ್ಕೇ ಜನ ಡಬ್ಬಿ ಮೇಲೆ ಡಬ್ಬಿ ಕೊಳ್ಳೋದು. 2025ರ ಜೂನ್‌ನಲ್ಲಿ ಬೀಜಿಂಗ್‌ನಲ್ಲಿ ಆಳೆತ್ತರದ ಒಂದು ಲಬೂಬು 10.8 ಲಕ್ಷ ಯುವಾನ್‌ಗೆ ಹರಾಜಾಯಿತು.

ಡೊಂಬಿವಲಿ_ಫಾಸ್ಟ್
ನಕಲಿ ಆದರೆ ಏನಂತೆ? ನೂರಿನ್ನೂರು ರೂಪಾಯಿಗೆ ಮಗು ಖುಷಿಯಾಗಿದೆ.

ಕಲ್ಯಾಣ್_ಕಲೆಕ್ಟರ್
ಖುಷಿಗೆ ಅಡ್ಡಿಯಿಲ್ಲ. ತಲೆ ಕಿತ್ತು ಬರೋದು, ಕೈ ಉದುರೋದು, ಕಣ್ಣು ಕಳಚೋದು, ಇದಕ್ಕೆ ಅಡ್ಡಿ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ನಕಲಿ ಲಬೂಬು ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಅಂತ ಎಚ್ಚರಿಕೆ ಕೊಟ್ಟಿತು. 31.7 ಮಿಲಿಮೀಟರ್ ಅಗಲದ ಉರುಳೆಯೊಳಗೆ ಹಿಡಿಯೋ ಯಾವ ತುಂಡೂ ಮೂರು ವರ್ಷದೊಳಗಿನವರಿಗೆ ಅಪಾಯ, ಆಟಿಕೆ ಪರೀಕ್ಷೆಯ ಅಳತೆ ಅದು. ಎಂಟನೇ ಕ್ಲಾಸಿನ ಹುಡುಗಿ ಬಾಯಿಗೆ ಹಾಕಲ್ಲ. ಆದರೆ ಮನೆಯಲ್ಲಿ ತಮ್ಮ ತಂಗಿ ಇದ್ದರೆ?

ಪಂಚಗಂಗಾ
ಐಎಸ್‌ಐ ಗುರುತು ಇಲ್ಲದ ಆಟಿಕೆ ಮಾರೋದೇ ಕಾನೂನುಬಾಹಿರ ಅಲ್ವಾ? 2021ರ ಜನವರಿ 1ರಿಂದ.

ಕಲ್ಯಾಣ್_ಕಲೆಕ್ಟರ್
ಹೌದು, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ. ಗುರುತಿನ ಮೇಲೆ ಐಎಸ್ 9873, ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರಬೇಕು. ಬರೀ ಗುರುತು ಅಚ್ಚು ಹಾಕಿದ್ದನ್ನು ನಂಬಬೇಡಿ, ಐಎಸ್‌ಐ ಗುರುತು ಕೊಡೋ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿ ನೋಡಿ, ಕಂಪನಿ ಹೆಸರು ಹೊಂದಬೇಕು. ಅಸಲಿ ಲಬೂಬು ಡಬ್ಬಿಯ ಮೇಲೇ 15 ವರ್ಷಕ್ಕೆ ಮೇಲ್ಪಟ್ಟವರಿಗೆ ಅಂತ ಇದೆ, ಅದು ಸಂಗ್ರಹದ ವಸ್ತು. ಸಣ್ಣ ಮಕ್ಕಳಿಗೆ ಕೊಡೋಕೆ ಮಾಡಿದ್ದೇ ಅಲ್ಲ.

ವಾಸ್ಕೊ_ಬಸು
ಚನ್ನಪಟ್ಟಣದ ಗೊಂಬಿಗೂ ಐಎಸ್‌ಐ ಬೇಕೇನ್ರಿ ಹಂಗಾರ?

ಕಲ್ಯಾಣ್_ಕಲೆಕ್ಟರ್
ಭೌಗೋಳಿಕ ಸೂಚಿ (ಜಿಐ, ಒಂದು ಊರಿನದೇ ವಿಶೇಷ ಅನ್ನೋ ಮಾನ್ಯತೆ) ಇರೋ ಆಟಿಕೆಗಳ ನೋಂದಾಯಿತ ತಯಾರಕರಿಗೂ, ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ ವಿನಾಯಿತಿ ಇದೆ. ಚನ್ನಪಟ್ಟಣ ಅದರಲ್ಲಿ ಬರುತ್ತೆ.

ಮಡಗಾಂವ್_ಮಳೆ
ಆಲೆಮರದ ಗೊಂಬಿಗೆ ಅರಗಿನ ಬಣ್ಣ, ಬೂರ್ಸ್ ಬಂದ್ರ ಒಣಾ ಅರಿವಿಲೆ ಒರಸಿದ್ರ ಹೋತು. ಕೂಸಿಗೆ ಅದೇ ಚಲೋ ನೋಡ್ರಿ. ಆದ್ರ ಅಪ್ಪಿಕೊಂಡು ಮಲಗಾಕ ಬರೂದಿಲ್ಲ, ಅದೂ ಖರೇ.

ಮಾಟುಂಗ_ವಕೀಲರು
ಗೀತಕ್ಕ, ಮಗಳ ಕಮೆಂಟ್ ವಿಷಯವನ್ನು ಎಲ್ಲರೂ ದಾಟಿ ಹೋದರು, ನನಗೆ ಅದೇ ಮುಖ್ಯ ಅನಿಸುತ್ತದೆ.

'ನೀವು ಮಾಡಿದ್ದು ಮೂಢನಂಬಿಕೆ, ಒಪ್ಪುವುದಿಲ್ಲ' ಎಂದು ಬರೆದರೆ ಅದು ಅಭಿಪ್ರಾಯ, ಧಾರಾಳವಾಗಿ ಬರೆಯಲಿ. 'ಇವರು ದುಡ್ಡು ತಗೊಂಡು ಮಾಡಿದ್ದು', 'ಮಗುವಿಗೆ ಹೊಡೆಯುತ್ತಾರೆ' ಎಂದು ಬರೆದರೆ ಅದು ಆರೋಪ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಯದು, 2 ವರ್ಷದವರೆಗೆ ಸಾದಾ ಸಜೆ, ದಂಡ, ಅಥವಾ ಸಮುದಾಯ ಸೇವೆ. ಸತ್ಯವಾಗಿದ್ದು ಸಾರ್ವಜನಿಕ ಹಿತಕ್ಕೆ ಹೇಳಿದ್ದಾದರೆ ರಕ್ಷಣೆ ಉಂಟು. ಆದರೆ ಸತ್ಯ ಎಂದು ತೋರಿಸುವ ಹೊಣೆ ಬರೆದವರ ಮೇಲೆ ಬೀಳುತ್ತದೆ. ಬೇರೆಯವರು ಬರೆದದ್ದನ್ನು ಸುಮ್ಮನೆ ಫಾರ್ವರ್ಡ್ ಮಾಡಿದೆ ಎಂಬ ನೆಪವನ್ನೂ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಸಾಲು ಸಾಲು ನೋಡಿ, ಆರೋಪ ಇದ್ದರೆ ಅಳಿಸಲಿ. ಬರೀ ಸಿಟ್ಟು ಇದ್ದರೆ ಹೆದರಿಸುವ ಅಗತ್ಯವಿಲ್ಲ.

ಡೊಂಬಿವಲಿ_ಫಾಸ್ಟ್
ಪಾಲ್ಘರ್ ಹುಡುಗಿಯರ ಕೇಸ್ ನೆನಪಿದೆಯಾ? ಒಂದು ಫೇಸ್‌ಬುಕ್ ಪೋಸ್ಟಿಗೆ ಅರೆಸ್ಟ್.

ಮಾಟುಂಗ_ವಕೀಲರು
ನೆನಪಿದೆ. 2012ರ ನವೆಂಬರ್, ಬಾಳಾ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಒಬ್ಬಳು ಬರೆದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು, ಇಬ್ಬರನ್ನೂ ಹಿಡಿದರು. ಹಿಡಿಯಲು ಬಳಸಿದ ಐಟಿ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹಾಗಾಗಿ ಯಾರಿಗೋ ಕಿರಿಕಿರಿ ಆಯಿತು ಎನ್ನುವ ಮಾತ್ರಕ್ಕೆ ಈಗ ಆ ಕಲಂ ಇಲ್ಲ. ಮಾನಹಾನಿ ಬೇರೆ, ಅದು ಹಾಗೇ ಇದೆ.

ಕೋಥ್ರೂಡ್_ಕಾವೇರಿ
ವಕೀಲರ ಮಾತಿಗೆ ಸೇರಿಸ್ತೀನಿ. ಬೈದು ಬರೆದ ಕಮೆಂಟೂ ಆ ವಿಡಿಯೊಗೆ ಲಾಭವೇ. ಯಾರೂ ನೋಡದಿರಲಿ ಅಂತ ಬೈಯಲು ಹೋದವರೇ ಅದನ್ನು ಇನ್ನಷ್ಟು ಮನೆಗೆ ತಲುಪಿಸ್ತಾರೆ. ಹೇಳಲೇಬೇಕಾದರೆ ಲಿಂಕ್ ಹಾಕದೆ, ವಿಡಿಯೊ ಹಂಚದೆ, ನಿಮ್ಮದೇ ಪೇಜಿನಲ್ಲಿ ಬರೀರಿ.

ಬಿಲ್ಡಿಂಗ್ ಗ್ರೂಪಿಗೆ ಬಂದ ಕ್ಲಿಪ್ ಯಾವುದೇ ಇರಲಿ, ಒಂದು ಫ್ರೇಮಿನ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ, ಮೂಲ ವಿಡಿಯೊ ಹುಡುಕಿ, ಅಪ್‌ಲೋಡ್ ತಾರೀಖು ನೋಡಿ, ಕ್ಲಿಪ್ ಶುರುವಾಗೋ ಎರಡು ನಿಮಿಷ ಹಿಂದಿನಿಂದ ನೋಡಿ. ಹಳೇ ಜಗಳ ಹೊಸದಾಗಿ ಬರೋದೇ ಹೆಚ್ಚು.

ತಾರೆ ಗೊಂಬೆ ಹಿಡಿದು ಹೊಗಳಿದಾಗಲೂ ಇದೇ ಎಚ್ಚರ ಇರಲಿ. ದುಡ್ಡು ಅಥವಾ ಉಚಿತ ವಸ್ತು ಪಡೆದು ಹೊಗಳಿದರೆ ಜಾಹೀರಾತು ಅಂತ ಎದ್ದು ಕಾಣೋ ಹಾಗೆ ಹೇಳಲೇಬೇಕು. ದಾರಿ ತಪ್ಪಿಸಿದರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಪಂಚಗಂಗಾ
ಇದನ್ನು ಪೂರ್ತಿ ಒಪ್ತೀನಿ. ಸುಟ್ಟವರನ್ನು ಮಾತ್ರ ಕೇಳೋದು, ಮಾರಿದವರನ್ನು ಕೇಳದಿರೋದು, ನನ್ನ ತಕರಾರು ಇದೇ ಆಗಿತ್ತು.

ಮುಲುಂಡ್_ಮಾರಾಯ
ಬ್ಯಾಗಿಗೆ ನೇತುಹಾಕುವವರಿಗೆ ಒಂದು ಮಾತು. ಜೊತೆಗೆ ಬರುವ ಕೊಕ್ಕೆ ಲೋಕಲ್ ಟ್ರೈನಿನ ನೂಕುನುಗ್ಗಲಿಗೆ ತಾಳುವುದಿಲ್ಲ, ಎಳೆದರೆ ಬಾಯಿ ಬಿಡ್ತದೆ. ಸ್ಕ್ರೂ ಲಾಕ್ ಇರುವ ಸಣ್ಣ ಕೊಂಡಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗ್ತದೆ. ಮಳೆಗಾಲದಲ್ಲಿ ಬ್ಯಾಗಿನ ಒಳಗೆ ಹಾಕಿ. ಆದರೆ ಪಾರದರ್ಶಕ ಪಿವಿಸಿ ಕವರಿನೊಳಗೆ ತಿಂಗಳುಗಟ್ಟಲೆ ಬಿಡಬೇಡಿ, ವಿನೈಲಿಗೆ ವಿನೈಲ್ ತಾಗಿ ಮುಖ ಅಂಟಂಟಾಗ್ತದೆ.

ಘಾಟ್ಕೋಪರ್_ಗೀತಕ್ಕ
ಹಲ್ಲು ಎಣಿಸಿದೆವು, 10. ನಕಲಿ! ತಲೆ ಗಟ್ಟಿಯಾಗಿದೆ, ಕಣ್ಣೂ ಅಲ್ಲಾಡಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ, ಹಾಗಾಗಿ ಇರಲಿ ಅಂತ ತೀರ್ಮಾನ. ದೃಷ್ಟಿಗೊಂಬೆ ಮಾತಿಗೆ ಅತ್ತೆಯವರು ಸುಮ್ಮನಾದರು, ಆದರೆ ದೇವರ ಕೋಣೆ ಎದುರಿಗೆ ಬೇಡ ಅಂದರು. ಕಮೆಂಟಿನಲ್ಲಿ 'ಪೇಮೆಂಟ್ ತಗೊಂಡಿದ್ದಾರೆ' ಅನ್ನೋ ಸಾಲು ಇತ್ತು, ಮಗಳು ಅಳಿಸಿದಳು, ಉಳಿದದ್ದು ಹಾಗೇ ಇದೆ.

ಕಪಾಟಿನ ದೊಡ್ಡ ಕರಡಿ ಹಿಂಡಿದರೆ ಗಂಟುಗಂಟು. ಸ್ಪಂಜ್ ಚೂರೇ ಇರಬೇಕು. ಬೆನ್ನು ಬಿಚ್ಚಿ ರೆಕ್ರಾನ್ ತುಂಬಬಹುದಾ? ಸುಮಾರು 30 ಸೆಂಟಿಮೀಟರ್ ಎತ್ತರ ಇದೆ.

ಸೂಜಿದಾರ
ಖಂಡಿತ. ಬೆನ್ನಿನ ನಡುವೆ ಕೈಹೊಲಿಗೆಯ ಭಾಗ ಇರುತ್ತೆ, ಬೆರಳಾಡಿಸಿದರೆ ಸ್ವಲ್ಪ ಉಬ್ಬು ಸಿಗುತ್ತೆ, ಅಲ್ಲೇ ಬಿಚ್ಚಿ. ಚೂರು ತೆಗೆಯೋವಾಗ ಪ್ಲಾಸ್ಟಿಕ್ ಚೀಲದೊಳಗೆ ಕರಡಿಯನ್ನಿಟ್ಟು ತೆಗೀರಿ, ಇಲ್ಲದಿದ್ದರೆ ಮನೆಯೆಲ್ಲ ಹಾರುತ್ತೆ. ಹಳೇ ಸ್ಪಂಜ್ ಪುಡಿಯಾಗಿದ್ದರೆ ಮಾಸ್ಕ್ ಹಾಕಿಕೊಳ್ಳಿ. ಬರೀ ಚರ್ಮವನ್ನು ತಿರುಗಿಸಿ ತೊಳೆದು ಪೂರ್ತಿ ಒಣಗಿಸಿ, ಒಂದೇ ದಿನಕ್ಕೆ ಒಣಗುತ್ತೆ.

ಆ ಅಳತೆಗೆ 200 ಗ್ರಾಂ ಆಸುಪಾಸು ರೆಕ್ರಾನ್ ಸಾಕು, ಕಾಲು ಕಿಲೋ ತನ್ನಿ. ಗಾದಿ ದಿಂಬು ಮಾಡೋ ಅಂಗಡಿಯವರು ಬಿಡಿಯಾಗಿ ತೂಗಿ ಕೊಡ್ತಾರೆ. ಮುಷ್ಟಿಗಟ್ಟಲೆ ತುರುಕಬೇಡಿ, ಗಂಟು ಆಗುತ್ತೆ. ಬೆರಳಲ್ಲಿ ಹಿಂಜಿ ಚಿಟಿಕೆ ಚಿಟಿಕೆ ಹಾಕಿ, ಮೊದಲು ಮೂತಿ, ಆಮೇಲೆ ಕೈಕಾಲು, ಕತ್ತು ಗಟ್ಟಿಯಾಗಿ, ಹೊಟ್ಟೆ ಕೊನೆಗೆ. ಕತ್ತು ಸಡಿಲ ಬಿಟ್ಟರೆ ತಿಂಗಳಲ್ಲಿ ತಲೆ ಮುಂದಕ್ಕೆ ಬೀಳುತ್ತೆ. ಹೊಲಿಯೋಕೆ ಹತ್ತಿ ದಾರ ಬೇಡ, ಪಾಲಿಯೆಸ್ಟರ್ ದಾರ ಎರಡೆಳೆ. ಗಂಟು ಒಳಗೆ ಅಡಗಿಸಿ, ಈ ಅಂಚಲ್ಲಿ 3 ಮಿಲಿಮೀಟರ್, ಎದುರಿನ ಅಂಚಲ್ಲಿ 3 ಮಿಲಿಮೀಟರ್, ಏಣಿಯ ಮೆಟ್ಟಿಲ ಥರ ಹೋಗಿ, ನಾಲ್ಕೈದು ಹೊಲಿಗೆಗೊಮ್ಮೆ ಎಳೆದು ಬಿಗಿ ಮಾಡಿ. ಸಿಕ್ಕಿಕೊಂಡ ರೋಮವನ್ನು ಸೂಜಿ ತುದಿಯಿಂದ ಎತ್ತಿದರೆ ಹೊಲಿಗೆ ಕಾಣಲ್ಲ.

ಬಿಚ್ಚಿದ ಮೇಲೆ ಕಣ್ಣಿನ ಹಿಂದಿನ ವಾಷರ್ ಫೋಟೊ ಹಾಕಿ. ಬಿರುಕು ಬಿಟ್ಟಿದ್ದರೆ ತುಂಬೋ ಮುಂಚೆಯೇ ಬದಲಾಯಿಸಬೇಕು.

ಡೊಂಬಿವಲಿ_ಫಾಸ್ಟ್
ರೆಕ್ರಾನ್ ಬಿಡಿಯಾಗಿ ಡೊಂಬಿವಲಿ ಈಸ್ಟ್‌ನಲ್ಲಿ ಎಲ್ಲಿ ಸಿಗುತ್ತೆ, ಯಾರಿಗಾದ್ರೂ ಗೊತ್ತಾ?